ಕಟರ್ ಹೊತ್ತಿಸುವ ಮುಂಚಿನ ಅರ್ಧ ಗಂಟೆ

ಬಗ್ಗಿ ನೋಡಿ. ಇನ್ನೂ ಬಗ್ಗಬೇಕು, ಮೊಣಕಾಲು ನೆಲಕ್ಕೆ ಊರುವಷ್ಟು. ಟಾಟಾ 407 ಗಾಡಿಯ ಹೊಟ್ಟೆಯ ಕೆಳಗೆ ಮೊಬೈಲಿನ ಬೆಳಕು ಬಿಟ್ಟರೆ ಇಂಜಿನ್ನಿನ ಚೇಂಬರ್ ಕಾಣುತ್ತದೆ. ಅದರ ತಳದಲ್ಲಿ ಡ್ರೇನ್ ಬೋಲ್ಟ್ ಇದೆ, ಆದರೆ ಬೋಲ್ಟಿನ ತಲೆ ಕಾಣುವುದಿಲ್ಲ. ವರ್ಷಗಟ್ಟಲೆ ರಸ್ತೆಯ ದೂಳು, ಗ್ರೀಸು, ಜಿನುಗಿದ ಆಯಿಲ್ ಸೇರಿ ಬೆರಳು ದಪ್ಪ ಕಪ್ಪಗೆ ಹೆಪ್ಪುಗಟ್ಟಿದೆ. ಗುಜರಿಯ ಹಿರಿಯ ಕೆಲಸಗಾರ ಚಾಚಾ ಕಬ್ಬಿಣದ ಪಟ್ಟಿಯ ತುಂಡಿನಿಂದ ಅದನ್ನು ಕೆರೆದು, ರಿಂಗ್ ಪಾನಾ ಕೂಡಿಸಿ, ಅಂಗೈಯಿಂದ ಒಮ್ಮೆ ಗುದ್ದುತ್ತಾರೆ. ಬೋಲ್ಟ್ ಅಲುಗುತ್ತದೆ. ಅಲ್ಲಿಗೇ ನಿಲ್ಲಿಸಿ ಕೈಯನ್ನು ಹಿಂದಕ್ಕೆ ಚಾಚುತ್ತಾರೆ.

"ಡಬ್ಬಿ ತಾರೋ. ಡಬ್ಬಿ ಇಡದ ಬೋಲ್ಟ್ ಬಿಚ್ಚಬಾರ್ದು ಅಂತ ಎಷ್ಟ್ ಸಲ ಹೇಳ್ಬೇಕು ನಿನಗ?"

ಹುಡುಗ ಓಡಿಹೋಗಿ ಪೇಂಟಿನ ದೊಡ್ಡ ಡಬ್ಬಿ ತಂದು ಸರಿಸುತ್ತಾನೆ. ಬೋಲ್ಟ್ ಕೈಗೆ ಬರುತ್ತದೆ, ಆಯಿಲ್ ಬೀಳುತ್ತದೆ. ಮೊದಲು ದಪ್ಪಗೆ, ಸದ್ದಿಲ್ಲದೆ, ಆಮೇಲೆ ತೆಳ್ಳಗೆ, ಕೊನೆಗೆ ಹನಿ ಹನಿಯಾಗಿ. ಹನಿ ನಿಲ್ಲುವವರೆಗೆ ಚಾಚಾ ಎದ್ದೇಳುವುದಿಲ್ಲ. ಸುಟ್ಟ ಆಯಿಲಿನ ವಾಸನೆ ನಿಮ್ಮ ಗಂಟಲಿನ ಹಿಂಭಾಗಕ್ಕೆ ಹೋಗಿ ಕೂತುಬಿಡುತ್ತದೆ.

ನೀವಿರುವುದು ರಾಣೇಬೆನ್ನೂರಿನ ಹೊರವಲಯದ ಒಂದು ಗುಜರಿ ಯಾರ್ಡಿನಲ್ಲಿ. ಫೆಬ್ರುವರಿ ಮುಗಿಯುತ್ತ ಬಂದಿದೆ, ಬೆಳಗಿನ ಏಳರ ಚಳಿ ಇನ್ನೂ ಬಿಟ್ಟಿಲ್ಲ. ತಗಡಿನ ಕಾಂಪೌಂಡಿನ ಆಚೆ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಬ್ಬಳ್ಳಿ ಕಡೆಗೂ ದಾವಣಗೆರೆ ಕಡೆಗೂ ಲಾರಿಗಳು ಬಿಡುವಿಲ್ಲದೆ ಓಡುತ್ತಿವೆ. ಕಾಂಪೌಂಡಿನೊಳಗೆ ಕ್ಯಾಬಿನ್ ಕಳಚಿದ ಒಂದು ಲಾರಿ, ಬಾಗಿಲಿಲ್ಲದ ಎರಡು ಟ್ರ್ಯಾಕ್ಸ್, ಒಂದರ ಮೇಲೊಂದು ಒರಗಿದ ಬೈಕುಗಳು, ಮೂಲೆಯಲ್ಲಿ ಗಾಜು ಒಡೆದ ಒಂದು ಕಾರು. ಈ 407 ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತ ಗಾಡಿ. ಪ್ಲೇಟಿನ ಮೇಲೆ ಕೆಎ 27 ಎಂಬ ಹಾವೇರಿಯ ನಂಬರು ಇನ್ನೂ ಓದಲು ಬರುತ್ತದೆ. ಸಂಜೆಯೊಳಗೆ ಇದು ಗಾಡಿಯಾಗಿ ಉಳಿದಿರುವುದಿಲ್ಲ.

ಗುಜರಿ ಎಂದರೆ ಎಲ್ಲರ ಕಣ್ಣು ಹೋಗುವುದು ಕಿಡಿ ಹಾರಿಸುವ ಗ್ಯಾಸ್ ಕಟರ್ ಕಡೆಗೆ. ನೀವು ಇಲ್ಲಿ ನೋಡಬೇಕಾದದ್ದು ಅದಲ್ಲ. ಕಟರ್ ಹೊತ್ತಿಸಿದ ಮೇಲೆ ನಡೆಯುವುದು ಕಬ್ಬಿಣದ ಕೆಲಸ. ಅದಕ್ಕೂ ಮುಂಚಿನ ಅರ್ಧ ಗಂಟೆಯಲ್ಲಿ ನಡೆಯುವುದು ನೀರಿನ ಕೆಲಸ, ಮಣ್ಣಿನ ಕೆಲಸ. ಆ ಅರ್ಧ ಗಂಟೆ ಸರಿಯಾಗಿ ನಡೆದರೆ ಗಾಡಿಯ ಬಹುಪಾಲು ವಿಷ ಡಬ್ಬಿಯೊಳಗೆ ಉಳಿಯುತ್ತದೆ. ತಪ್ಪಿದರೆ ಆಮೇಲೆ ಯಾವ ಯಂತ್ರ ತಂದರೂ ಅದನ್ನು ನೆಲದಿಂದ ವಾಪಸು ಎತ್ತಲಾಗುವುದಿಲ್ಲ.

ಚಾಚಾ ಹಿಂದಕ್ಕೆ ತೆವಳುತ್ತಾರೆ. ಇಂಜಿನ್ ಆದ ಮೇಲೆ ಗೇರ್‌ಬಾಕ್ಸ್, ಅದಾದ ಮೇಲೆ ಹಿಂದಿನ ಹೌಸಿಂಗ್. ಗೇರ್ ಆಯಿಲ್ ಇಂಜಿನ್ ಆಯಿಲಿಗಿಂತ ಗಟ್ಟಿ, ಬೆಳಗಿನ ಚಳಿಗೆ ಇಳಿಯಲು ಸತಾಯಿಸುತ್ತದೆ. ರೇಡಿಯೇಟರಿನ ಕೆಳಗಿನ ಪೈಪು ಸಡಿಲಿಸಿದರೆ ಹಸಿರು ಕೂಲಂಟ್ ಬರುತ್ತದೆ. ಇದಕ್ಕೆ ಬೇರೆಯೇ ಡಬ್ಬಿ, ಅದಕ್ಕೆ ಮುಚ್ಚಳ. ಮುಚ್ಚಳ ಯಾಕೆ ಎಂದು ಕೇಳಿ.

"ಸಿಹಿ ಇರ್ತೈತ್ರಿ ಅದು. ನಾಯಿ ನೆಕ್ತಾವು. ಒಂದ್ ನಾಯಿ ಹಿಂಗ ಹೋತು ನಮ್ದು."

ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಬೇಸಿಗೆಯಲ್ಲಿ ನೀರು ಹುಡುಕುತ್ತ ಹೆದ್ದಾರಿ ಬದಿಗೆ ಬರುವ ದನಕರುಗಳಿಗೆ ಇಂಥ ಒಂದು ಹಸಿರು ಹೊಂಡ ಸಾಕು. ಬ್ರೇಕ್ ಆಯಿಲ್ ಸ್ವಲ್ಪವೇ ಇರುತ್ತದೆ, ಅದನ್ನು ಬಾಟಲಿಗೆ ಇಳಿಸುತ್ತಾರೆ. ಟ್ಯಾಂಕಿನ ತಳದಲ್ಲಿ ಉಳಿದ ಡೀಸೆಲ್‌ಗೆ ಪೈಪು ಹಾಕಿ ಎಳೆಯುತ್ತಾರೆ. ಡೀಸೆಲ್ ಮಾತ್ರ ಯಾರೂ ಹೇಳದೆಯೇ ಎಲ್ಲ ಯಾರ್ಡುಗಳಲ್ಲೂ ಜೋಪಾನವಾಗುತ್ತದೆ, ಯಾಕೆಂದರೆ ಅದಕ್ಕೆ ಬೆಲೆ ಇದೆ.

ಈಗ ನಾಲ್ಕು ಹೆಜ್ಜೆ ಆಚೆ ಬನ್ನಿ, ಸಿಮೆಂಟ್ ನೆಲ ಮುಗಿಯುವ ಜಾಗಕ್ಕೆ. ಯಾರ್ಡಿನ ಅರ್ಧಕ್ಕೆ ಮಾತ್ರ ಕಾಂಕ್ರೀಟ್ ಹಾಕಿದೆ, ಉಳಿದರ್ಧ ಎರೆಮಣ್ಣು. ಮಳೆ ಹೋಗಿ ನಾಲ್ಕು ತಿಂಗಳಾಗಿರುವುದರಿಂದ ನೆಲ ಬಿರುಕು ಬಿಟ್ಟಿದೆ. ಒಂದು ಬಿರುಕಿನಲ್ಲಿ ಕಡ್ಡಿ ಇಳಿಸಿ ನೋಡಿ, ಕಡ್ಡಿ ಮುಗಿಯುತ್ತದೆ, ಬಿರುಕು ಮುಗಿಯುವುದಿಲ್ಲ. ಎರೆಭೂಮಿಯ ರೈತರಿಗೆ ಇದು ಗೊತ್ತಿರುವ ಸಂಗತಿ: ಬೇಸಿಗೆಯಲ್ಲಿ ಈ ಮಣ್ಣು ಬಾಯ್ದೆರೆಯುತ್ತದೆ, ಮಳೆ ಬಿದ್ದ ಕೂಡಲೇ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಚೆಲ್ಲಿದ ಆಯಿಲ್ ಬಿರುಕಿನ ದಾರಿ ಹಿಡಿದು ಆಳಕ್ಕೆ ಇಳಿಯುತ್ತದೆ. ಮೊದಲ ಮಳೆಗೆ ಮಣ್ಣು ಮುಚ್ಚಿಕೊಂಡಾಗ ಅದು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಚೆಲ್ಲಿದ್ದು ಒಳಗಿಳಿಯಲು ಜಾಗವಿಲ್ಲದೆ ಮೇಲ್ಮೈಯಲ್ಲೇ ಹರಿದು ಚರಂಡಿ ಸೇರುತ್ತದೆ. ಎರಡೂ ದಾರಿ ಕೆಟ್ಟವೇ. ಒಂದು ಲೀಟರ್ ಸುಟ್ಟ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕುಡಿಯಲು ಬಾರದಂತೆ ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಳಸುವ ಲೆಕ್ಕ. ಚಾಚಾನ ಡಬ್ಬಿಗಳಲ್ಲಿ ಈಗ ಒಂದೇ ಗಾಡಿಯಿಂದ ಇಳಿದ ಹತ್ತು ಲೀಟರಿಗೂ ಹೆಚ್ಚು ಆಯಿಲ್ ಇದೆ.

ಈ ಜಿಲ್ಲೆಯ ನೀರೆಲ್ಲ ಕೊನೆಗೆ ಸೇರುವುದು ತುಂಗಭದ್ರೆಯನ್ನು. ವರದೆ, ಕುಮುದ್ವತಿ, ಊರೂರಿನ ಹಳ್ಳಗಳು, ಎಲ್ಲಕ್ಕೂ ಅದೇ ಗತಿ. ರಾಣೇಬೆನ್ನೂರಿನ ನಲ್ಲಿಗೆ ಬರುವುದೂ ಅದೇ ನದಿಯ ನೀರು. ನದಿಗೆ ಏನು ಬೀಳುತ್ತಿದೆ ಎಂದು ಕೇಳುವ ಅಭ್ಯಾಸ ಇಲ್ಲಿನವರಿಗೆ ಹೊಸದೂ ಅಲ್ಲ. ಇದೇ ತಾಲ್ಲೂಕಿನ ಕುಮಾರಪಟ್ಟಣದ ಬಳಿ ಕಾರ್ಖಾನೆ ಹೊರಬಿಡುವ ನೀರಿನ ವಿಷಯವಾಗಿ 1980ರ ದಶಕದಲ್ಲಿ ನದಿ ದಂಡೆಯ ಹಳ್ಳಿಗಳು ಎದ್ದು ನಿಂತವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಬೆಳೆದದ್ದು ಆ ಹೋರಾಟದಲ್ಲಿ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಸಸಿ ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಅದೇ ಎಚ್ಚರದ ಮುಂದುವರಿಕೆ. ದೊಡ್ಡ ಕಾರ್ಖಾನೆಯ ಪೈಪು ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ಧರಣಿ ಕೂಡಬಹುದು. ಹೆದ್ದಾರಿ ಉದ್ದಕ್ಕೂ ಚದುರಿದ ಗುಜರಿಗಳಿಂದ ಡಬ್ಬಿ ಡಬ್ಬಿಯಾಗಿ ಸೋರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಚಿಂತೆ ಇರುವುದು ಇದರ ಬಗ್ಗೆ.

ಚಾಚಾ ಈಗ ಬ್ಯಾಟರಿ ಬಿಚ್ಚುತ್ತಿದ್ದಾರೆ. ಹತ್ತಿರ ಬನ್ನಿ, ಆದರೆ ಮುಟ್ಟಬೇಡಿ. ಟರ್ಮಿನಲ್ ಸುತ್ತ ತಿಳಿ ಹಸಿರು ಪುಡಿ ಹೂತಿದೆ. ಕೇಬಲ್ ಕಳಚಿ ಬ್ಯಾಟರಿಯನ್ನು ಎರಡೂ ಕೈಯಿಂದ ನೆಟ್ಟಗೆ ಎತ್ತುತ್ತಾರೆ, ಓರೆ ಮಾಡುವುದಿಲ್ಲ. ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಉಳಿದುದರಲ್ಲಿ ಹೆಚ್ಚಿನದು ನೀರು ಬೆರೆತ ಗಂಧಕಾಮ್ಲ. ಬ್ಯಾಟರಿಗೆ ಒಳ್ಳೆಯ ಬೆಲೆ ಇದೆ, ಅದಕ್ಕೇ ಅದು ಎಂದೂ ಕಸವಾಗಿ ಬಿದ್ದಿರುವುದಿಲ್ಲ. ಅಪಾಯ ಇರುವುದು ಆ ಬೆಲೆ ಕಟ್ಟುವ ರೀತಿಯಲ್ಲಿ. ಕೊಳ್ಳುವವನು "ನೀರು ಚೆಲ್ಲಿ ತೂಗು" ಎನ್ನುತ್ತಾನೆ, ಯಾಕೆಂದರೆ ಅವನಿಗೆ ಬೇಕಾದದ್ದು ಸೀಸ. ಮುಚ್ಚಳ ತೆಗೆದು ಬೋರಲು ಹಾಕಿದರೆ ಆಮ್ಲ ನೆಲಕ್ಕೆ ಹೋಗುತ್ತದೆ, ಅದರ ಜೊತೆ ಸೀಸದ ಸಣ್ಣ ಕಣಗಳೂ ಹೋಗುತ್ತವೆ. ಎರೆಮಣ್ಣು ಸೀಸವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಕೆಳಗೆ ಬಿಡುವುದಿಲ್ಲ. ಅಂದರೆ ಅದು ಮೇಲ್ಪದರದಲ್ಲೇ, ಮಕ್ಕಳು ಆಡುವ, ಕೋಳಿ ಕೆದರುವ ಮಣ್ಣಿನಲ್ಲೇ ಉಳಿಯುತ್ತದೆ. ಸೀಸ ಕೊಳೆಯುವುದಿಲ್ಲ, ಆರುವುದಿಲ್ಲ. ಇಷ್ಟು ಸೀಸವಾದರೆ ಮಕ್ಕಳ ಮೈಗೆ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಯಾರ್ಡಿನಲ್ಲಿ ಬ್ಯಾಟರಿಗಳನ್ನು ಪ್ಲಾಸ್ಟಿಕ್ ಟ್ರೇ ಮೇಲೆ, ನೆರಳಿನಲ್ಲಿ, ನೆಟ್ಟಗೆ ಸಾಲಾಗಿ ಇಟ್ಟಿದ್ದಾರೆ. ಪಕ್ಕದಲ್ಲಿ ಸುಣ್ಣದ ಚೀಲ ಇದೆ, ಆಮ್ಲ ಚೆಲ್ಲಿದರೆ ಮೇಲೆ ಹಾಕಲು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇವು ಇಡಿಯಾಗಿ ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಹಿತ್ತಲಲ್ಲಿ ಒಲೆ ಹೂಡಿ ಸೀಸ ಕರಗಿಸುವವರಿಗೆ ಮಾರಬಾರದು. ಇಲ್ಲಿ ಮಾರುವುದಿಲ್ಲ ಎನ್ನುತ್ತಾರೆ ಮಾಲೀಕರು. ಅವರು ಈಗಷ್ಟೇ ಚಹಾದ ಕೆಟಲಿನೊಂದಿಗೆ ಬಂದಿದ್ದಾರೆ. ನಲವತ್ತರ ಆಸುಪಾಸಿನ ವಯಸ್ಸು. ಅಪ್ಪ ಸೈಕಲ್ ಮೇಲೆ ಹಳ್ಳಿ ತಿರುಗಿ ಮೋಡ್ಕಾ ಸಾಮಾನು ಕೊಳ್ಳುತ್ತಿದ್ದರಂತೆ.

"ಸೀಸದ ಹೊಗಿ ನಮ್ಮ ಹುಡುಗ್ರ ಮೂಗಿಗೇ ಬಡಿಯೂದಲ್ರೀ? ನಾಕ್ ರೂಪಾಯಿ ಕಮ್ಮಿ ಬಂದ್ರೂ ಇಡೀದ ಕೊಡೂದು ಅಂತ ಮಾಡೀವಿ."

ಚಹಾ ಮುಗಿಯಿತು. ಈಗ ಕಟರ್.

ಕನ್ನಡಕ ಹಾಕಿಕೊಂಡ ಹುಡುಗ ಜ್ವಾಲೆಯನ್ನು ನೀಲಿಗೆ ತರುತ್ತಾನೆ. ಕ್ಯಾಬಿನ್ ಆಗಲೇ ಬೇರೆಯಾಗಿದೆ. ಹಿಂದಿನ ಬಾಡಿಯ ತಗಡಿಗೆ ಜ್ವಾಲೆ ತಾಗಿದ ಎರಡನೇ ನಿಮಿಷಕ್ಕೆ ನಿಮಗೆ ಕೆಮ್ಮು ಬರುತ್ತದೆ. ಪಕ್ಕದವರಿಗೂ ಬರುತ್ತದೆ. ಕಟರ್ ಹಿಡಿದವನೇ ಸೀನುತ್ತ ಜ್ವಾಲೆ ತಗ್ಗಿಸುತ್ತಾನೆ. ಹಲಗೆ ಮತ್ತು ತಗಡಿನ ಸಂದಿನಲ್ಲಿ ವರ್ಷಗಳಿಂದ ಸೇರಿಕೊಂಡಿದ್ದ ಬ್ಯಾಡಗಿ ಮೆಣಸಿನ ಬೀಜ, ಸಿಪ್ಪೆ, ದೂಳು ಸುಟ್ಟು ಘಾಟು ಎದ್ದಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅಡುಗೆಮನೆಯ ಲೆಕ್ಕ, ಬೆಂಕಿಗೆ ಬಿದ್ದಾಗ ಅದು ನಡೆಯುವುದಿಲ್ಲ. ಚಾಚಾ ಗದರುತ್ತಾರೆ: ಹಲಗೆ ಮೊದಲು ಕಿತ್ತು, ಸಂದು ಗುಡಿಸಿ, ಆಮೇಲೆ ಕತ್ತರಿಸಬೇಕಿತ್ತು. ಹುಡುಗ ಪೊರಕೆ ತರುತ್ತಾನೆ. ಗುಡಿಸಿದ್ದು ಬೊಗಸೆಗೂ ಹೆಚ್ಚು.

ಮೆಣಸಿನ ಘಾಟಿಗೆ ಕೆಮ್ಮು ಬಂದದ್ದರಿಂದ ಕೆಲಸ ನಿಂತಿತು. ಇದೇ ಜ್ವಾಲೆ ಹಳೆಯ ಪೇಂಟಿಗೆ, ಸೀಟಿನ ಫೋಮಿಗೆ, ರಬ್ಬರಿಗೆ, ಆಯಿಲ್ ಅಂಟಿದ ಚಾಸಿಗೆ ತಾಗಿದಾಗ ಬರುವ ಹೊಗೆಗೆ ಯಾರೂ ಅಷ್ಟು ಕೆಮ್ಮುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ಅದಕ್ಕೇ ಅದು ಹೆಚ್ಚು ಕೆಟ್ಟದ್ದು.

ಚಾಸಿ ತುಂಡಾಗುತ್ತಿರುವಾಗ ನೀವು ಗೋಡೆ ಬದಿಯ ರಾಶಿಗಳನ್ನು ನೋಡಬಹುದು. ಇಲ್ಲಿ ಸಂತೋಷಪಡುವಂಥ ಸಂಗತಿಗಳೂ ಇವೆ. ಹಿಂದಿನ ಚಕ್ರದ ಕಮಾನು ಪಟ್ಟಿಗಳನ್ನು ಯಾರೂ ಫರ್ನೇಸಿಗೆ ಕಳಿಸುವುದಿಲ್ಲ. ಸುತ್ತಲಿನ ಹಳ್ಳಿಗಳ ಕಮ್ಮಾರರು ಬಂದು ಆರಿಸಿಕೊಂಡು ಹೋಗುತ್ತಾರೆ. ಪಟ್ಟಿಯ ಉಕ್ಕು ಕಾಯಿಸಿ ಬಡಿದು ಹದ ಹಾಕಿದರೆ ಒಳ್ಳೆಯ ಅಲಗು ಕೊಡುತ್ತದೆ. ಈ ಸೀಮೆಯ ಎಷ್ಟೋ ಕುಡುಗೋಲು, ಕೊಡಲಿಗಳು ಹಿಂದೆ ಲಾರಿಯ ಭಾರ ಹೊತ್ತವು. ಹಳೆಯ ಆಕ್ಸಲ್ ಮತ್ತು ಚಕ್ರ ಟೈರ್ ಬಂಡಿಗೆ ಹೋಗುತ್ತವೆ, ನಡೆಯುವ ಡೈನಮೊ, ಗೇರ್‌ಬಾಕ್ಸ್ ಇನ್ನೊಂದು ಗಾಡಿಗೆ. ಕರಗಿಸದೆ, ಸಾಗಿಸದೆ, ಇದ್ದ ಹಾಗೇ ಮತ್ತೊಬ್ಬರ ಕೈಗೆ ಹೋಗುವ ವಸ್ತುವಿನಷ್ಟು ಕಡಿಮೆ ಹೊಗೆಯಾಡುವ ಮರುಬಳಕೆ ಬೇರೊಂದಿಲ್ಲ. ಗುಜರಿಯವರನ್ನು ಬರೀ ಕೊಳಕು ಮಾಡುವವರಾಗಿ ನೋಡುವವರು ಈ ರಾಶಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ತಗಡಿನ ಮಾಡಿನ ಕೆಳಗೆ ಇಬ್ಬರು ಹೆಣ್ಣುಮಕ್ಕಳು ವೈರ್ ಬಿಡಿಸುತ್ತ ಕೂತಿದ್ದಾರೆ. ಒಬ್ಬಾಕೆ ಕಾಲ್ಬೆರಳಿಗೆ ವೈರಿನ ತುದಿ ಸಿಕ್ಕಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಪ್ಲಾಸ್ಟಿಕ್ ಸಿಪ್ಪೆಯನ್ನು ಒಂದೇ ಎಳೆತಕ್ಕೆ ಕಳಚುತ್ತಾಳೆ. ಒಳಗಿನ ತಾಮ್ರ ಕೆಂಪಗೆ ಹೊಳೆಯುತ್ತದೆ. ಸುಟ್ಟರೆ ಇದೇ ಕೆಲಸ ಕ್ಷಣದಲ್ಲಿ ಮುಗಿಯುತ್ತಿತ್ತು. ಆದರೆ ಪಿವಿಸಿ ಸಿಪ್ಪೆ ಸುಟ್ಟಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ, ಬಹಳ ಸಣ್ಣ ಪ್ರಮಾಣದಲ್ಲೂ ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ವಿಷ ಅದು. ವ್ಯಾಪಾರದ ಲೆಕ್ಕದಲ್ಲೂ ಸುಡುವುದು ನಷ್ಟವೇ: ಸುಟ್ಟ ತಾಮ್ರ ಕಪ್ಪಾಗುತ್ತದೆ, ಸಿಪ್ಪೆ ಸುಲಿದ ತಾಮ್ರಕ್ಕಿಂತ ಕಡಿಮೆ ಬೆಲೆಗೆ ಹೋಗುತ್ತದೆ.

"ಸುಟ್ಟದ್ದು ಕೇಜಿಗೆ ಎಷ್ಟು ಕಮ್ಮಿ ಅಕ್ಕಾರ?" ಎಂದು ಕೇಳಿದರೆ ಆಕೆ ತಲೆ ಎತ್ತದೆ ಹೇಳುತ್ತಾಳೆ, "ಅದನ್ನ ಸೇಠ್‌ರನ್ನ ಕೇಳ್ರಿ. ನಮಗ ಕೂಲಿ ಸಿಗೋದು ಸುಲದ್ರ ಅಷ್ಟ."

ಒಂದು ಬ್ಲೇಡು ಎರಡು ಮನೆಗೆ ಕೂಲಿ ಕೊಡುತ್ತಿದೆ, ಊರಿನ ಗಾಳಿಯನ್ನೂ ಉಳಿಸುತ್ತಿದೆ. ಆಕೆಗೆ ಒಂದು ಜೊತೆ ಕೈಗವಸು ಕೊಡುವುದು ಇನ್ನೂ ಬಾಕಿ ಇದೆ.

ಮೂಲೆಯ ಕಾರಿನ ಮಾತು ಬೇರೆ. 407ರಲ್ಲಿ ಎಸಿ ಇರಲಿಲ್ಲ, ಇದರಲ್ಲಿದೆ. ಪೈಪು ಕತ್ತರಿಸಿದರೆ ಒಂದು ಪುಸ್ ಶಬ್ದ, ಅಷ್ಟೇ. ಹಾರಿಹೋದ ಆರ್-134ಎ ಅನಿಲದ ಒಂದು ಕಿಲೋ ಭೂಮಿಯನ್ನು ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಎಸಿ ಮೆಕ್ಯಾನಿಕ್‌ಗಳ ಹತ್ತಿರ ಇರುತ್ತದೆ. ಕಾರು ಬಿಚ್ಚುವ ದಿನ ಅವರನ್ನು ಕರೆಸಿದರೆ ಆಯಿತು, ಆದರೆ ಯಾರೂ ಕರೆಸುವುದಿಲ್ಲ.

ಮಧ್ಯಾಹ್ನಕ್ಕೆ ಟೈರುಗಳನ್ನು ಹೇರಿಕೊಂಡ ಪಿಕಪ್‌ನಲ್ಲಿ ಮೋಟೆಬೆನ್ನೂರಿನ ಮೇಲೆ ಬ್ಯಾಡಗಿ ಕಡೆ ಹೋಗೋಣ. ಪೇಟೆ ಇನ್ನೂ ದೂರವಿರುವಾಗಲೇ ಗಾಳಿ ಬದಲಾಗುತ್ತದೆ. ಗುರುವಾರದ ಮಾರುಕಟ್ಟೆ ಇದು, ಎಪಿಎಂಸಿ ಪ್ರಾಂಗಣದಲ್ಲಿ ಚೀಲಗಳ ಸಾಲು, ತಾಡಪತ್ರಿಯ ಮೇಲೆ ಹರವಿದ ಕೆಂಪು, ಮೂಗಿಗೆ ಟವೆಲ್ ಕಟ್ಟಿಕೊಂಡ ಹಮಾಲರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದರ ಬಣ್ಣವನ್ನು ಓಲಿಯೋರೆಸಿನ್ ಆಗಿ ತೆಗೆದು ಆಹಾರಕ್ಕೂ ತುಟಿಯ ಬಣ್ಣಕ್ಕೂ ಬಳಸುತ್ತಾರೆ, ಹೊರದೇಶಕ್ಕೂ ಕಳಿಸುತ್ತಾರೆ. ಒಂದು ಕಾಯಿ ಕೈಗೆತ್ತಿಕೊಳ್ಳಿ. ಮೈಯೆಲ್ಲ ಸುಕ್ಕು. ಆ ಸುಕ್ಕೇ ಬ್ಯಾಡಗಿ ಕಾಯಿಯ ಗುರುತು. ಗಾಳಿಯಲ್ಲಿ ತೇಲಿ ಬಂದ ಮಸಿ ಕೂತುಕೊಳ್ಳಲು ಆ ಸುಕ್ಕಿನಷ್ಟು ಅನುಕೂಲದ ಜಾಗವೂ ಬೇರೆ ಇಲ್ಲ. ಇಲ್ಲಿ ಒಣಗಿದ್ದನ್ನು ಯಾರೂ ತೊಳೆಯುವುದಿಲ್ಲ, ತೊಳೆದರೆ ಬೂಷ್ಟು ಹಿಡಿಯುತ್ತದೆ. ಹಾಗೇ ಗಿರಣಿಗೆ ಹೋಗುತ್ತದೆ, ಹಾಗೇ ಸಾರಿಗೆ ಬರುತ್ತದೆ.

ಈಗ ಪಿಕಪ್‌ನಲ್ಲಿರುವ ಟೈರುಗಳನ್ನು ನೋಡಿ. ಇವುಗಳಲ್ಲಿ ಗಟ್ಟಿಯಿರುವುದು ಬಂಡಿಗೆ, ಒಂದೆರಡು ಬಣವಿಯ ಮೇಲಿನ ತಾಡಪತ್ರಿ ಹಾರದಂತೆ ಹೇರಲು. ಉಳಿದವುಗಳ ಮೇಲೆ ಇಟ್ಟಿಗೆ ಭಟ್ಟಿಯವರ ಕಣ್ಣು, ಬರುವ ಹೋಳಿ ಹಬ್ಬಕ್ಕಾಗಿ ಹುಡುಗರ ಕಣ್ಣು. ಟೈರು ಸುಟ್ಟಾಗ ಏಳುವ ಮಸಿ ಮತ್ತು ಗಂಧಕದ ಹೊಗೆ ಗಾಳಿ ಬೀಸಿದತ್ತ ಹೋಗುತ್ತದೆ, ಮತ್ತು ಈ ತಿಂಗಳುಗಳಲ್ಲಿ ಗಾಳಿ ಎತ್ತ ಬೀಸಿದರೂ ಅಲ್ಲೆಲ್ಲೋ ಒಂದು ಕಣದಲ್ಲಿ ಮೆಣಸಿನಕಾಯಿ ಒಣಗುತ್ತಿರುತ್ತದೆ. ಸುಡದೆ ರಾಶಿ ಹಾಕಿಟ್ಟರೂ ಪೂರ್ತಿ ಪಾರಾಗುವಂತಿಲ್ಲ: ಮಳೆಗಾಲದಲ್ಲಿ ಟೈರಿನೊಳಗೆ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು. ಹಳೆ ಟೈರಿಗೂ ತಯಾರಕರನ್ನೇ ಹೊಣೆ ಮಾಡುವ ನಿಯಮ 2022ರಲ್ಲಿ ಬಂದಿದೆ. ಅದನ್ನು ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸಬಹುದು. ಆದರೆ ಪಿಕಪ್ ತುಂಬ ಇರುವ ಇಷ್ಟು ಟೈರಿಗಾಗಿ ಪುಡಿ ಮಾಡುವವರು ಬ್ಯಾಡಗಿಗೆ ಬರುವುದಿಲ್ಲ.

ಗಾಡಿ ಉರಿದರೆ ಏನು ಉಳಿಯುತ್ತದೆ ಎಂಬುದನ್ನು ಈ ಪ್ರಾಂಗಣವೇ ಕಂಡಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದಾಗ ರೈತರ ಸಿಟ್ಟು ಸ್ಫೋಟಿಸಿ ಇಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಬೆಲೆಯ ಮಾತು ಬೇರೆಯೇ, ದೊಡ್ಡದೇ. ಹೊತ್ತಿ ಉರಿದ ಗಾಡಿಯಲ್ಲಿ ಟೈರು, ಫೋಮು, ವೈರು, ಆಯಿಲ್, ಬ್ಯಾಟರಿ ಎಲ್ಲ ಒಟ್ಟಿಗೆ ಗಾಳಿಗೆ ಹೋಗುತ್ತವೆ. ಬೂದಿಯಲ್ಲಿ ಸೀಸ ಉಳಿಯುತ್ತದೆ, ಬೆಂಕಿ ಆರಿಸಲು ಹೊಡೆದ ನೀರು ಆ ಬೂದಿಯನ್ನು ಹೊತ್ತು ಚರಂಡಿಗೆ ಹರಿಯುತ್ತದೆ. ಚಾಚಾ ಡಬ್ಬಿ ಡಬ್ಬಿಯಾಗಿ ಬೇರೆ ಮಾಡುವುದನ್ನೆಲ್ಲ ಬೆಂಕಿ ಒಂದು ಮಾಡಿಬಿಡುತ್ತದೆ.

ಮಾರುಕಟ್ಟೆಯ ನೆಲವನ್ನು ಮತ್ತೊಮ್ಮೆ ನೋಡಿ. ಗಟ್ಟಿ ನೆಲ, ಎಲ್ಲರಿಗೂ ಸೇರಿದ ಕಾಟಾ, ಎಲ್ಲ ದಲಾಲಿ ಅಂಗಡಿಗಳಿಗೂ ಒಂದೇ ಪ್ರಾಂಗಣ. ಊರೂರಿನ ಬೆಳೆಗಾರನೂ ತನ್ನ ಹತ್ತು ಚೀಲ ತಂದು ಇಲ್ಲಿ ಸುರಿಯಬಹುದು, ಹತ್ತು ಹತ್ತು ಸೇರಿ ಲಾರಿಗಟ್ಟಲೆ ಆದಾಗ ದೂರದ ಕೊಳ್ಳುವವನೂ ಇಲ್ಲಿಗೇ ಬರುತ್ತಾನೆ. ಗುಜರಿಗೆ ಇಲ್ಲದಿರುವುದು ಇದೇ. ಒಂದು ಯಾರ್ಡಿನಲ್ಲಿ ಅರ್ಧ ಡ್ರಮ್ ಸುಟ್ಟ ಆಯಿಲ್ ಇದೆ. ಅದನ್ನು ಶುದ್ಧ ಮಾಡಿ ಮತ್ತೆ ಲೂಬ್ರಿಕಂಟ್ ಆಗಿಸುವ ಪರವಾನಗಿ ಉಳ್ಳವರು ಟ್ಯಾಂಕರ್ ಕಳಿಸಬೇಕಾದರೆ ಡ್ರಮ್ಮುಗಳ ಸಾಲು ಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಬಿಡುವುದಿಲ್ಲ. ಇತ್ತ ಟ್ಯಾಂಕರ್ ಬರುವುದಿಲ್ಲ, ಅತ್ತ ಇಡುವಂತಿಲ್ಲ. ಆಗ ಅದು ಸೆಂಟ್ರಿಂಗ್ ಹಲಗೆಗೆ ಬಳಿಯಲು, ಗೆದ್ದಲು ಹಿಡಿಯದಂತೆ ಬೇಲಿಯ ಗೂಟಕ್ಕೆ ಹಚ್ಚಲು, ಇಲ್ಲವೇ ಭಟ್ಟಿಗೆ ಹೋಗುತ್ತದೆ. ಯಾರಿಗೂ ಬೇಡದ ಫೋಮು, ಗಾಜು, ಆಯಿಲ್ ಕುಡಿದ ಕಾಟನ್ ವೇಸ್ಟು, ಹಳೆಯ ಬ್ರೇಕ್ ಲೈನಿಂಗು ಎರಡು ಚೀಲದಷ್ಟಿರುತ್ತವೆ. ಅಪಾಯಕಾರಿ ತ್ಯಾಜ್ಯ ಹೂಳುವ ಸುರಕ್ಷಿತ ಘಟಕ ಇರುವುದು ಬೆಂಗಳೂರಿನ ಹಾದಿಯ ದಾಬಸ್‌ಪೇಟೆಯ ಬಳಿ, ರಾಣೇಬೆನ್ನೂರಿನಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿ. ಎರಡು ಚೀಲ ಹೊತ್ತು ಅಷ್ಟು ದೂರ ಯಾರು ಹೋಗುತ್ತಾರೆ?

"ಕಬ್ಬಿಣಕ್ಕ ರೇಟ್ ಐತಿ, ತಾಮ್ರಕ್ಕ ಐತಿ," ಎಂದು ಮಾಲೀಕರು ಬೆಳಿಗ್ಗೆ ಹೇಳಿದ್ದು ಇದನ್ನೇ. "ಈ ಕಸಕ್ಕ ರೇಟ್ ಕೊಡೂದಿರ್ಲಿ, ಒಯ್ಯಾಕೂ ಯಾರೂ ಬರಂಗಿಲ್ರೀ."

ನಾಲ್ಕು ಗಂಟೆಗೆ ಅವರು ಹಾವೇರಿಯಲ್ಲಿ ಸಿಗುತ್ತಾರೆ. ಕೈಯಲ್ಲಿ ಫೈಲು. ಆ 407ರ ನೋಂದಣಿ ಪತ್ರ (ಆರ್‌ಸಿ) ರದ್ದಾಗಬೇಕು. ಈ ಕೆಲಸವನ್ನು ಮಾಡುವವರು ಕಡಿಮೆ. ಎಷ್ಟೋ ಗಾಡಿಗಳು ಫರ್ನೇಸಿನಲ್ಲಿ ಕರಗಿ ವರ್ಷಗಳಾದರೂ ಸರ್ಕಾರದ ಕಂಪ್ಯೂಟರಿನಲ್ಲಿ ಓಡುತ್ತಲೇ ಇರುತ್ತವೆ. 2021ರ ಸೆಪ್ಟೆಂಬರ್ 23ರ ನಿಯಮಗಳು ಬಂದ ಮೇಲೆ ಗಾಡಿ ಒಡೆಯಲು ನೋಂದಾಯಿತ ಘಟಕ ಬೇಕು. ಅದು ಗಾಡಿ ಒಪ್ಪಿಸಿದ್ದಕ್ಕೆ ಮಾಲೀಕನಿಗೆ ಠೇವಣಿ ಪ್ರಮಾಣಪತ್ರ ಕೊಡಬೇಕು, ಚಾಸಿ ನಂಬರಿನ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನ ಮಾಡಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ, ಹಾಗಾಗಿ ಒಡೆಯುವ ಕೆಲಸ ಹೆಚ್ಚುತ್ತಲೇ ಇದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಆಯುಷ್ಯ ಮುಗಿದ ವಾಹನಗಳ ನಿಯಮ ಇನ್ನೂ ಮುಂದೆ ಹೋಗಿ ವಾಹನ ತಯಾರಕರ ಮೇಲೆ ಹೊಣೆ ಹೊರಿಸಿದೆ: ಸಾರಿಗೆ ವಾಹನವಾದರೆ 15 ವರ್ಷ, ಸ್ವಂತ ವಾಹನವಾದರೆ 20 ವರ್ಷದ ಹಿಂದೆ ಮಾರುಕಟ್ಟೆಗೆ ಬಿಟ್ಟ ಗಾಡಿಗಳಲ್ಲಿದ್ದ ಉಕ್ಕಿನ ಕನಿಷ್ಠ ಶೇ. 8ರಷ್ಟಾದರೂ ಮರಳಿ ಬಂದುದಕ್ಕೆ ಈಗ ಪ್ರಮಾಣಪತ್ರ ತೋರಿಸಬೇಕು, ಮುಂದೆ ಈ ಪಾಲು ಶೇ. 13ಕ್ಕೆ, ಶೇ. 18ಕ್ಕೆ ಏರುತ್ತದೆ.

ಒಳ್ಳೆಯ ನಿಯಮ. ಆದರೆ ಅದು ಲೆಕ್ಕ ಹಾಕುವುದು ಉಕ್ಕನ್ನು. ಉಕ್ಕಿಗೆ ಮೊದಲೇ ಬೆಲೆ ಇತ್ತು, ಅದು ಎಂದೂ ಚರಂಡಿಗೆ ಬೀಳಲಿಲ್ಲ. ಚರಂಡಿಗೆ ಬೀಳುವ ಆಯಿಲಿಗೂ ಟೈರಿಗೂ ಬೇರೆ ಬೇರೆ ನಿಯಮ, ಬೇರೆ ಬೇರೆ ಪೋರ್ಟಲ್ಲು, ಗಾಡಿಯ ಹೊಟ್ಟೆಯ ಕೆಳಗೆ ಮಲಗಿದವನಿಗೆ ಅವೆಲ್ಲ ಒಂದೇ ಅರ್ಧ ಗಂಟೆಯಲ್ಲಿ ಎದುರಾಗುತ್ತವೆ. ಇನ್ನೊಂದು ಕೊರತೆ ಈ ಜಿಲ್ಲೆಗೆ ವಿಶೇಷವಾಗಿ ತಟ್ಟುವಂಥದ್ದು: ಕೃಷಿ ಟ್ರ್ಯಾಕ್ಟರ್, ಟ್ರೇಲರ್, ಪವರ್ ಟಿಲ್ಲರ್, ಕೊಯ್ಲಿನ ಯಂತ್ರಗಳನ್ನು ತಯಾರಕರ ಈ ಹೊಣೆಯಿಂದ ಹೊರಗಿಟ್ಟಿದ್ದಾರೆ. ಹಾವೇರಿಯ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಇಲ್ಲದ ಓಣಿ ಎಲ್ಲಿದೆ? ಅವುಗಳ ಆಯಿಲೂ ಇದೇ ಮಣ್ಣಿಗೆ ಇಳಿಯುತ್ತದೆ.

ಗುಜರಿಗಳಿಗೆ ಬೀಗ ಹಾಕಿದರೆ ಕೆಲಸ ನಿಲ್ಲುವುದಿಲ್ಲ, ರಾತ್ರಿಗೆ ಹೋಗುತ್ತದೆ, ಹೊಲದ ಬದಿಗೆ ಹೋಗುತ್ತದೆ. ಬೇಕಾದದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಮಾಡಿದಂಥ ಏರ್ಪಾಡು: ಜಿಲ್ಲೆಗೊಂದು ಸಾಮೂಹಿಕ ಯಾರ್ಡ್, ಸೋರದ ಕಾಂಕ್ರೀಟ್ ನೆಲ, ಮೇಲೆ ಮಾಡು, ಒಂದು ಆಯಿಲ್ ಟ್ಯಾಂಕು, ಎಸಿ ಅನಿಲ ಎಳೆಯುವ ಒಂದು ಯಂತ್ರ, ದಾಬಸ್‌ಪೇಟೆಗೆ ಲೋಡ್ ಆಗುವಷ್ಟು ಕಸ ಸೇರಿಸಿಡುವ ಒಂದು ಕೋಣೆ. ನೋಂದಣಿ ಆ ಯಾರ್ಡಿನ ಹೆಸರಲ್ಲಿ, ಕೈಗಳು ಈಗಿನವೇ. ಚಾಚಾನಂಥವರ ಕೌಶಲ ಕಳೆದುಕೊಂಡು ಕಟ್ಟುವ ಯಾವ ದೊಡ್ಡ ಘಟಕವೂ ಈ ಜಿಲ್ಲೆಯ ಗಾಡಿಗಳನ್ನು ತನ್ನತ್ತ ಎಳೆಯಲಾರದು. ಹಳೆಯ ಗಾಡಿ ಮಾರುವವರು ಹೋಗುವುದು ಪರಿಚಯದ ಮುಖವಿರುವಲ್ಲಿಗೆ.

ಮಾಲೀಕರ ಫೈಲಿನಲ್ಲಿ ಇನ್ನೊಂದು ಅರ್ಜಿ ಇದೆ. ದೂರದ ಊರಿನ ನೋಂದಾಯಿತ ಘಟಕವೊಂದರ ಪರವಾಗಿ ವಾಹನ ಸಂಗ್ರಹಿಸುವ ಕೇಂದ್ರವಾಗಲು ಅವರು ತಯಾರಾಗುತ್ತಿದ್ದಾರೆ. ಸಾಮೂಹಿಕ ಯಾರ್ಡ್ ಬರುವವರೆಗೆ ಇದಾದರೂ ಇರಲಿ ಎಂದು. ಅರ್ಜಿಗೆ ನಕ್ಷೆ ಬೇಕು. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಬಿಲ್ಲಿನ ಹಿಂಭಾಗದಲ್ಲಿ ಅವರೇ ಗೆರೆ ಎಳೆಯುತ್ತಾರೆ: ನೆಲ ಈ ಕಡೆಗೆ ಇಳಿಜಾರು, ಸುತ್ತ ಒಂದು ಗೇಣಿನ ಕಟ್ಟೆ, ಮೂಲೆಯಲ್ಲಿ ಮೂರು ಕೋಣೆಯ ಗುಂಡಿ. ಮೊದಲ ಕೋಣೆಯಲ್ಲಿ ಮಣ್ಣು ಕೆಳಗೆ ಕೂರುತ್ತದೆ, ಎರಡನೆಯದರಲ್ಲಿ ಆಯಿಲ್ ಮೇಲೆ ತೇಲುತ್ತದೆ, ಮೂರನೆಯದಕ್ಕೆ ತಳದ ಪೈಪಿನಿಂದ ನೀರು ಮಾತ್ರ ಬರುತ್ತದೆ.

"ಪೈಪ್ ಕೆಳಗ ಇಟ್ರ ಆಯಿಲ್ ದಾಟಂಗಿಲ್ಲ, ಹೌದಿಲ್ರೀ?"

ಹೌದು. ಆದರೆ ಮೇಲೆ ತೇಲಿದ್ದನ್ನು ವಾರಕ್ಕೊಮ್ಮೆ ತೆಗೆದು ಡ್ರಮ್ಮಿಗೆ ಹಾಕಲೇಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಮೂರೂ ಕೋಣೆ ತುಂಬಿ ಎಲ್ಲ ಒಟ್ಟಿಗೆ ಹರಿದುಹೋಗುತ್ತದೆ. ಮಾಡಿನಿಂದ ಬೀಳುವ ಮಳೆನೀರು ಗುಂಡಿಗೆ ಬರದಂತೆ ಬೇರೆ ಕಾಲುವೆಯೂ ಬೇಕು. ಅವರು ಇನ್ನೊಂದು ಗೆರೆ ಎಳೆಯುತ್ತಾರೆ, ಪಕ್ಕದಲ್ಲಿ ಸಿಮೆಂಟ್ ಚೀಲದ ಲೆಕ್ಕ ಬರೆಯುತ್ತಾರೆ, ಬೆವರೊರೆಸಿಕೊಂಡು ಗೌಂಡಿಗೆ ಫೋನ್ ಹಚ್ಚುತ್ತಾರೆ.

"ಯುಗಾದಿ ಆದ ಮ್ಯಾಲೆ ಅಲ್ಲ, ಮುಂದಿನ ವಾರನ ಬಾ. ರೋಹಿಣಿ ಮಳಿ ಬರೂದ್ರೊಳಗ ನೆಲ ಮುಗೀಬೇಕು ನನಗ."